ಅದಲುಬದಲಾದ ಅಕ್ಷರಗಳು ಮತ್ತು ಕುರಿಚಿಯ ಕನ್ನಡ

ಕೊಯಮತ್ತೂರಿನ ದಕ್ಷಿಣಕ್ಕೆ, ಪೊಳ್ಳಾಚಿಯ ದಾರಿಯಲ್ಲಿ ಕುರಿಚಿ ಇದೆ. ಒಂದು ಕಾಲಕ್ಕೆ ಪ್ರತ್ಯೇಕ ಊರಾಗಿದ್ದ ಇದು 2011ರಲ್ಲಿ ಕೊಯಮತ್ತೂರು ಮಹಾನಗರಪಾಲಿಕೆಯೊಳಗೆ ಸೇರಿಹೋಯಿತು. ಸಣ್ಣ ಕೈಗಾರಿಕೆಗಳ ವಸಾಹತು ಮತ್ತು ನೊಯ್ಯಲ್ ನದಿಯ ನೀರನ್ನು ಪಡೆಯುವ ದೊಡ್ಡ ಕೆರೆ ಈ ಊರಿನ ಗುರುತುಗಳು. ಆ ಕೆರೆಯ ದಂಡೆಯ ಮೇಲೆ ಈಚಿನ ವರ್ಷಗಳಲ್ಲಿ ತಿರುವಳ್ಳುವರರ ಪ್ರತಿಮೆಯೊಂದು ನಿಂತಿದೆ. ಅದನ್ನು ರೂಪಿಸಿರುವುದು ತಮಿಳಿನ ಅಕ್ಷರಗಳನ್ನೇ ಒಂದಕ್ಕೊಂದು ಬೆಸೆದು. ಹತ್ತಿರ ಹೋದವನಿಗೆ ಚೆಲ್ಲಾಡಿದಂತಿರುವ ಅಕ್ಷರಗಳಷ್ಟೇ ಕಾಣುತ್ತವೆ. ದೂರ ನಿಂತವನಿಗೆ ಗಡ್ಡ, ಜಟೆ, ಮುಖ ಎಲ್ಲವೂ ಕೂಡಿ ಒಬ್ಬ ಕವಿ ಕಾಣುತ್ತಾನೆ. ಆದರೆ ಆ ಮುಖ ತಿರುವಳ್ಳುವರರದೆಂದು ಗುರುತಿಸಬೇಕಾದರೆ ನೋಡುವವನು ಅದನ್ನು ಮೊದಲೇ ಬೇರೆಲ್ಲಿಯಾದರೂ ಕಂಡಿರಬೇಕು.

ಅಕ್ಷರಗಳನ್ನು ಕಲಸಿ, ಅವುಗಳಿಂದ ಪದವನ್ನು ಹೆಕ್ಕಿ ತೆಗೆ ಎಂದು ಕೇಳುವ ಆಟಕ್ಕೂ ಈ ಮಾತು ಸಲ್ಲುತ್ತದೆ. ಆಂಗ್ಲ ಪಠ್ಯದ ಅಭ್ಯಾಸ ಪುಸ್ತಕಗಳಲ್ಲಿ, ದಿನಪತ್ರಿಕೆಗಳ ಮನರಂಜನೆಯ ಮೂಲೆಯಲ್ಲಿ, ಮೊಬೈಲ್ ಫೋನಿನ ಆಟಗಳಲ್ಲಿ ಈ ಕಸರತ್ತು ಇಂದು ಎಲ್ಲೆಡೆ ಹರಡಿದೆ. ಚದುರಿದ ಇಂಗ್ಲಿಷ್ ಅಕ್ಷರಗಳನ್ನು ಸರಿಯಾಗಿ ಜೋಡಿಸು, ಬಂದ ಪದದ ಅರ್ಥವನ್ನು ಬರೆ ಎಂಬುದು ಅದರ ಸಾಮಾನ್ಯ ಕ್ರಮ. ಭಾಷೆಯನ್ನು ಕಲಿಸಲು ಇದು ಒಳ್ಳೆಯ ಉಪಾಯವೆಂದು ಪಾಲಕರೂ ಶಿಕ್ಷಕರೂ ನಂಬಿದ್ದಾರೆ. ಆ ನಂಬಿಕೆಯನ್ನು, ವಿಶೇಷವಾಗಿ ಕುರಿಚಿಯಂಥ ಊರಿನ ಕನ್ನಡ ಮನೆಗಳನ್ನು ಮುಂದಿಟ್ಟುಕೊಂಡು, ಪರೀಕ್ಷಿಸಬೇಕಾಗಿದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಎಲ್, ಐ, ಎಸ್, ಟಿ, ಇ, ಎನ್ ಎಂಬ ಆರು ಅಕ್ಷರಗಳು. ಇವನ್ನು 720 ಕ್ರಮಗಳಲ್ಲಿ ಜೋಡಿಸಬಹುದು. ಅವುಗಳಲ್ಲಿ ರೂಢಿಯ ಇಂಗ್ಲಿಷ್ ಪದಗಳಾಗಿ ನಿಲ್ಲುವುವು ಬೆರಳೆಣಿಕೆಯಷ್ಟು: ಕಿವಿಗೊಡು ಎಂಬರ್ಥದ ಲಿಸನ್, ಮೌನವಾದ ಎಂಬರ್ಥದ ಸೈಲೆಂಟ್, ಪಟ್ಟಿಗೆ ಅಥವಾ ಸೈನ್ಯಕ್ಕೆ ಸೇರು ಎಂಬರ್ಥದ ಎನ್‌ಲಿಸ್ಟ್, ಕಡಲು ನೆಲದೊಳಗೆ ಚಾಚಿದ ಜಾಗಗಳನ್ನು ಹೇಳುವ ಇನ್‌ಲೆಟ್ಸ್, ಮಿನುಗುವ ಲೋಹದ ಎಳೆಯನ್ನು ಹೇಳುವ ಟಿನ್ಸೆಲ್. ಕಿವಿಗೂ ಮೌನಕ್ಕೂ ಒಂದೇ ಅಕ್ಷರಗಳು ಒದಗಿದುವಲ್ಲ ಎಂದು ಈ ಜೋಡಿಯನ್ನು ಕಂಡವರು ಬೆರಗಾಗುವುದುಂಟು. ಬೆರಗು ಕಣ್ಣಿಗೆ ಮಾತ್ರ ಸೇರಿದ್ದು. ಲಿಸನ್ ಎನ್ನುವಾಗ ಬಾಯಿ ಟಕಾರವನ್ನು ಉಚ್ಚರಿಸುವುದೇ ಇಲ್ಲ. ಎರಡು ಪದಗಳನ್ನೂ ಕೇಳಿಸಿಕೊಂಡ ಕಿವಿ ಅವು ಒಂದೇ ಸಾಮಗ್ರಿಯಿಂದಾದುವೆಂದು ಎಂದೂ ಊಹಿಸಲಾರದು. ಇಂಗ್ಲಿಷಿನ ಬರವಣಿಗೆ ಉಚ್ಚಾರದಿಂದ ಬಹುದೂರ ಸರಿದಿರುವುದರಿಂದಲೇ ಈ ಆಟಕ್ಕೆ ಅಷ್ಟೊಂದು ಕಳೆ ಬಂದಿದೆ.

ಈಗ ಆ ಆರು ಅಕ್ಷರಗಳನ್ನು ಕುರಿಚಿಯ ನೇಕಾರ ಮನೆತನದ ಹತ್ತು ವರ್ಷದ ಮಗುವಿನ ಮುಂದಿಡೋಣ. ಲಿಸನ್, ಸೈಲೆಂಟ್ ಎಂಬ ಪದಗಳು ತರಗತಿಯಲ್ಲಿ ದಿನವೂ ಕೇಳಿಬರುವುವಾದ್ದರಿಂದ ಮಗು ಅವನ್ನು ಹೆಕ್ಕಿ ತೆಗೆಯುತ್ತದೆ. ಟಿನ್ಸೆಲ್ ಮಾತ್ರ ದೊರೆಯುವುದಿಲ್ಲ. ಹಿಂದೆ ಇಂಗ್ಲಿಷಿನಲ್ಲಿ ಆ ಪದ ಬೆಳ್ಳಿ ಬಂಗಾರದ ಎಳೆಗಳನ್ನು ಸೇರಿಸಿ ನೇಯ್ದ ಬಟ್ಟೆಗೂ ಸಲ್ಲುತ್ತಿತ್ತು. ಆ ಬಗೆಯ ಎಳೆಗೆ ಮಗುವಿನ ಮನೆಯಲ್ಲಿ ಒಂದು ಹೆಸರಿದೆ: ಜರಿ. ಅಜ್ಜ ಅದನ್ನು ಬೆರಳಲ್ಲಿ ಹಿಡಿದವನು, ಅಮ್ಮ ಅದನ್ನು ಸೀರೆಯ ಸೆರಗಿನಲ್ಲಿ ಉಟ್ಟವಳು. ವಸ್ತು ಮನೆಯಲ್ಲಿದೆ, ಅದಕ್ಕೊಂದು ಪದವೂ ಮನೆಯಲ್ಲಿದೆ. ಪುಸ್ತಕ ಕೇಳುವ ಪದ ಮಾತ್ರ ಅಲ್ಲಿಲ್ಲ. ಉಳಿದ 719 ಕ್ರಮಗಳನ್ನು ಒಂದೊಂದಾಗಿ ಬರೆದು ನೋಡಿದರೂ ಮಗುವಿಗೆ ಟಿನ್ಸೆಲ್ ಸಿಗುವುದಿಲ್ಲ. ಅದನ್ನು ಬರೆದ ಮೇಲೂ ಇದೇ ಪದವೆಂದು ಗೊತ್ತಾಗದು. ಇದು ಪದ, ಇದು ಪದವಲ್ಲ ಎಂದು ಹೇಳುವ ಸಾಕ್ಷಿ ಮಗುವಿನೊಳಗೆ ಇಲ್ಲ.

ಈ ಆಟದ ಗುಟ್ಟು ಇಲ್ಲಿದೆ. ಅದು ಪದವನ್ನು ಕಲಿಸುವುದಿಲ್ಲ. ಕಲಿತ ಪದವನ್ನು ನೆನಪಿನಿಂದ ಎಬ್ಬಿಸುತ್ತದೆ, ಅಷ್ಟೆ. ಪದ ಯಾರ ಒಡವೆಯಾಗಿದೆಯೋ ಅವರಿಗೆ ಅದು ಬಾಗಿಲು, ಉಳಿದವರಿಗೆ ಬೀಗ. ಬೀಗವೆಂದೇ ಅದನ್ನು ಬಳಸಿದವರೂ ಉಂಟು. ರಾಬರ್ಟ್ ಹುಕ್ ಎಂಬ ಆಂಗ್ಲ ವಿಜ್ಞಾನಿ ಸ್ಥಿತಿಸ್ಥಾಪಕತೆಯ ಬಗೆಗಿನ ತನ್ನ ನಿಯಮವನ್ನು 1676ರಲ್ಲಿ ಲ್ಯಾಟಿನ್ ವಾಕ್ಯವೊಂದರ ಅಕ್ಷರಗಳನ್ನು ಅಕಾರಾದಿಯಾಗಿ ಜೋಡಿಸಿ ಪ್ರಕಟಿಸಿದ. ಶೋಧ ತನ್ನದೆಂಬುದು ದಾಖಲಾಗಬೇಕು, ಆದರೆ ಬೇರೊಬ್ಬರಿಗೆ ತಿಳಿಯಬಾರದು ಎಂಬುದು ಉದ್ದೇಶ. ಎರಡು ವರ್ಷಗಳ ನಂತರ ತಾನೇ ಬಿಡಿಸಿ ಹೇಳಿದ. ಅದಕ್ಕೂ ಮೊದಲು, 1610ರಲ್ಲಿ, ಶನಿಗ್ರಹದ ಬಗ್ಗೆ ತಾನು ಕಂಡದ್ದನ್ನು ಗೆಲಿಲಿಯೋ ಇದೇ ರೀತಿ ಅಕ್ಷರಗಳನ್ನು ಕಲಸಿ ಬರೆದಿದ್ದ. ಲ್ಯಾಟಿನ್ ಭಾಷೆಯಲ್ಲಿ ಪಾರಂಗತನಾಗಿದ್ದ ಕೆಪ್ಲರ್ ಅದನ್ನು ಬಿಡಿಸಲು ಹೋಗಿ ಮಂಗಳ ಗ್ರಹಕ್ಕೆ ಎರಡು ಚಂದ್ರಗಳಿವೆ ಎಂದು ಓದಿಕೊಂಡ. (ಮಂಗಳಕ್ಕೆ ಎರಡು ಚಂದ್ರಗಳಿರುವುದು ನಿಜವೆಂದು 1877ರಲ್ಲಿ ತಿಳಿದುಬಂತು. ತಪ್ಪಾಗಿ ಓದಿದವನ ಮಾತು ಸತ್ಯವಾದ ಅಪರೂಪದ ಪ್ರಸಂಗ ಇದು.) ಕೆಪ್ಲರನಂಥವನ ಪಾಡೇ ಹೀಗಿರುವಾಗ, ಬೇರೊಂದು ಭಾಷೆಯ ಹೊಸ್ತಿಲಲ್ಲಿ ನಿಂತ ಮಗುವಿನ ಪಾಡೇನು?

ಮಗು ಮಾಡುವುದು ಇಷ್ಟೆ: ಫೋನನ್ನು ಎತ್ತಿಕೊಳ್ಳುತ್ತದೆ. ಕಲಸಿದ ಅಕ್ಷರಗಳನ್ನು ಒತ್ತಿದರೆ ಸಾಕು, ಅವುಗಳಿಂದ ಆಗುವ ಪದಗಳ ಪಟ್ಟಿಯನ್ನೂ ಅರ್ಥವನ್ನೂ ಕ್ಷಣದಲ್ಲಿ ಒದಗಿಸುವ ತಂತ್ರಾಂಶಗಳು ಧಾರಾಳವಾಗಿವೆ. ಬಂದುದನ್ನು ಪುಸ್ತಕಕ್ಕೆ ಇಳಿಸಿದರೆ ಅಂಕ ಬರುತ್ತದೆ. ಈ ವ್ಯವಹಾರದಲ್ಲಿ ಪದ ಯಂತ್ರದಿಂದ ಪುಸ್ತಕಕ್ಕೆ ಹೋಯಿತೇ ಹೊರತು ಮಗುವಿನ ಮೂಲಕ ಹಾದುಹೋಗಲಿಲ್ಲ. ಇದನ್ನು ಮಕ್ಕಳ ಸೋಮಾರಿತನವೆಂದು ಬೈಯುವುದು ಸುಲಭ. ಇಲ್ಲದ ಪದವನ್ನು ಹುಡುಕೆಂದು ಹೇಳಿದವರ ತಪ್ಪು ಅದಕ್ಕಿಂತ ದೊಡ್ಡದು.

ಕುರಿಚಿಯ ಮಾತಿಗೆ ಮರಳಬೇಕು. ಕೊಯಮತ್ತೂರು ಸೀಮೆಗೂ ಕನ್ನಡಕ್ಕೂ ಇರುವ ನಂಟು ಹೊಸದಲ್ಲ. ಇಂದು ಕರ್ನಾಟಕದಲ್ಲಿರುವ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೂ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಬೆಟ್ಟದ ಮೇಲಿನ ತಾಳವಾಡಿ ಅಂದಿನ ಕೊಯಮತ್ತೂರು ಜಿಲ್ಲೆಯಲ್ಲಿಯೇ ಉಳಿದು, ಈಗ ಈರೋಡು ಜಿಲ್ಲೆಗೆ ಸೇರಿದೆ. ಆದರೆ ಕನ್ನಡ ಗಡಿಯ ಬೆಟ್ಟಗಳಲ್ಲಿ ಮಾತ್ರ ಇರಲಿಲ್ಲ. ಬಯಲಿನಲ್ಲಿ, ಇಂದಿನ ಕೊಯಮತ್ತೂರು ತಿರುಪ್ಪೂರು ಜಿಲ್ಲೆಗಳ ಹಳ್ಳಿ ಪಟ್ಟಣಗಳಲ್ಲಿ, ತಲೆಮಾರುಗಳ ಹಿಂದೆಯೇ ನೆಲೆನಿಂತ ದೇವಾಂಗರು ಮತ್ತು ಒಕ್ಕಲಿಗರು ಕನ್ನಡವನ್ನು ಮನೆಯ ಮಾತಾಗಿ ಉಳಿಸಿಕೊಂಡು ಬಂದರು. ದೇವಾಂಗರಲ್ಲಿ ಹಲವರು ಮಗ್ಗವನ್ನೂ ಕುಲದೇವತೆ ಸೌಡೇಶ್ವರಿಯನ್ನೂ ಬಿಡದೆ ಹಿಡಿದುಕೊಂಡಂತೆ ಈ ಮಾತನ್ನೂ ಹಿಡಿದುಕೊಂಡಿದ್ದಾರೆ.

ಉಳಿದುಬಂದದ್ದು ಮಾತು, ಬರಹವಲ್ಲ. ತಾಳವಾಡಿಯಲ್ಲಿರುವಂಥ ಕನ್ನಡ ಶಾಲೆಗಳ ಆಸರೆ ಬಯಲಿನ ಈ ಕುಟುಂಬಗಳಿಗೆ ಒದಗುವುದು ವಿರಳ. ಶಾಲೆಯಲ್ಲಿ ತಮಿಳು ಇದೆ. 2006ರ ಕಾಯಿದೆಯ ನಂತರ ತಮಿಳುನಾಡಿನಲ್ಲಿ ಅದು ಹಂತಹಂತವಾಗಿ ಕಡ್ಡಾಯವಾಗಿದೆ. ಜೊತೆಗೆ ಇಂಗ್ಲಿಷ್ ಇದೆ. ಊರಿನ ನುಡಿಯನ್ನು ಮಕ್ಕಳು ಚೆನ್ನಾಗಿ ಕಲಿಯಬೇಕೆಂಬುದರಲ್ಲಿ ಆಕ್ಷೇಪಿಸುವಂಥದು ಏನೂ ಇಲ್ಲ. ಆದರೆ ಮನೆಯ ಮಾತನ್ನು ಕಾಗದದ ಮೇಲೆ ಇಳಿಸಬೇಕಾಗಿ ಬಂದಾಗ, ಮದುವೆಯ ಹಾಡನ್ನೋ ಅಜ್ಜಿಯ ಔಷಧಿಯ ಹೆಸರನ್ನೋ ಬರೆದಿಟ್ಟುಕೊಳ್ಳಬೇಕಾದಾಗ, ಕೈಗೆ ಬರುವುದು ತಮಿಳು ಲಿಪಿ ಅಥವಾ ರೋಮನ್ ಲಿಪಿ. ತಮಿಳು ಲಿಪಿ ತಮಿಳಿಗೆ ಹೇಳಿ ಮಾಡಿಸಿದ್ದು. ಕಕಾರ ಗಕಾರಗಳಿಗೆ ಅದರಲ್ಲಿ ಒಂದೇ ಅಕ್ಷರ. ತಮಿಳಿಗೆ ಅಷ್ಟು ಸಾಕು. ಕನ್ನಡಕ್ಕೆ ಸಾಲದು. ಕವಿಯನ್ನೂ ಗವಿಯನ್ನೂ ಆ ಲಿಪಿಯಲ್ಲಿ ಬರೆದರೆ ಎರಡೂ ಒಂದೇ ಆಗುತ್ತವೆ. ಕಾಳಿಯೂ ಗಾಳಿಯೂ ಹಾಗೆಯೇ. ರೋಮನ್ ಲಿಪಿಯಲ್ಲಿ ಲಕಾರ ಳಕಾರಗಳ ಭೇದ ಅಳಿಸಿಹೋಗುತ್ತದೆ. ಮೊದಲ ತಲೆಮಾರಿಗೆ ಇದರಿಂದ ತೊಂದರೆಯಿಲ್ಲ, ಬರೆದವನಿಗೆ ತಾನು ಬರೆದದ್ದು ಕವಿಯೋ ಗವಿಯೋ ಎಂಬುದು ನೆನಪಿರುತ್ತದೆ. ಮೂರನೆಯ ತಲೆಮಾರು ಆ ಕಾಗದವನ್ನು ಬಿಚ್ಚಿ ಓದುವಾಗ ಹೇಳಿಕೊಡುವವರು ಇರುವುದಿಲ್ಲ.

ಹೀಗಾಗಿ ಕುರಿಚಿಯ ಮಗುವಿನ ಸ್ಥಿತಿ ವಿಚಿತ್ರವಾದುದು. ಅದಕ್ಕೆ ಇಂಗ್ಲಿಷಿನ ಅಕ್ಷರಗಳು ಗೊತ್ತು, ಪದಗಳು ಗೊತ್ತಿಲ್ಲ. ಕನ್ನಡದ ಪದಗಳು ಗೊತ್ತು, ಅಕ್ಷರಗಳು ಗೊತ್ತಿಲ್ಲ. ಅಕ್ಷರಗಳನ್ನು ಕಲಸುವ ಆಟ ಪದ ಗೊತ್ತಿದ್ದವರಿಗೆ ಮಾತ್ರ ಬಾಗಿಲು ತೆರೆಯುವುದಾದರೆ, ಅದು ತಕ್ಕುದು ಯಾವ ಭಾಷೆಗೆ? ಇಂಗ್ಲಿಷಿನಲ್ಲಿ ಆಡಿಸುತ್ತಿರುವ ಆಟವನ್ನು ಕನ್ನಡದಲ್ಲಿ ಆಡಿಸಬೇಕಾಗಿತ್ತು. ಬಾಯಲ್ಲಿರುವ ಪದದ ಬಲದಿಂದ ಕಣ್ಣಿಗೆ ಹೊಸದಾದ ಅಕ್ಷರವನ್ನು ಗುರುತಿಸುವುದು ಅಲ್ಲಿ ಸಾಧ್ಯ. 'ನೀರು' ಎಂಬುದನ್ನು ಹುಟ್ಟಿದಂದಿನಿಂದ ಕೇಳಿದ ಮಗುವಿಗೆ 'ರು', 'ನೀ' ಎಂಬ ಎರಡು ಬಿಲ್ಲೆಗಳನ್ನು ಕೊಟ್ಟು, ಅವುಗಳ ಉಚ್ಚಾರವನ್ನು ಒಮ್ಮೆ ಹೇಳಿ, ಕುಡಿಯುವಂಥದು ಎಂದು ಸುಳಿವು ಕೊಟ್ಟರೆ ಅದು ಬಿಲ್ಲೆಗಳನ್ನು ತಿರುಗಿಸಿ ಇಡುತ್ತದೆ. ಸರಿ ಎಂದು ಹೇಳಲು ಶಿಕ್ಷಕರು ಬೇಕಾಗಿಲ್ಲ, ಮಗುವಿನ ಕಿವಿಯೇ ಹೇಳುತ್ತದೆ.

ಆದರೆ ಕನ್ನಡದಲ್ಲಿ ಕಲಸಬೇಕಾದದ್ದು ಏನನ್ನು ಎಂಬ ಪ್ರಶ್ನೆ ಇಲ್ಲಿ ಎದುರಾಗುತ್ತದೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ವ್ಯಾಕರಣದ ತರಗತಿಯಲ್ಲಿ ಒಣ ವಿಷಯವೆಂದು ತೋರಿದ ವರ್ಣ, ಗುಣಿತಾಕ್ಷರ, ಸಂಯುಕ್ತಾಕ್ಷರಗಳ ವಿಚಾರ ಈ ಘಟ್ಟದಲ್ಲಿ ಜೀವ ತಳೆಯುತ್ತದೆ. ಇಂಗ್ಲಿಷಿನಲ್ಲಿ 26 ಅಕ್ಷರಗಳು, ಒಂದೊಂದೂ ಸ್ವತಂತ್ರ, ಎಲ್ಲಿ ಬೇಕಾದರೂ ನಿಲ್ಲಬಲ್ಲುದು. ಕನ್ನಡದ ವರ್ಣಮಾಲೆಯಲ್ಲಿ 49 ಇವೆಯೆಂದು ಹೇಳಿದರೂ ಬರೆಯುವಾಗ ಕಾಣುವುದು ಅವಲ್ಲ. ವ್ಯಂಜನವು ಸ್ವರವನ್ನು ಅಪ್ಪಿಕೊಂಡ ರೂಪ. 34 ವ್ಯಂಜನಗಳನ್ನು 13 ಸ್ವರಗಳೊಡನೆ ಗುಣಿಸಿದರೆ 442. ಒತ್ತಕ್ಷರಗಳು ಸೇರಿದರೆ ಲೆಕ್ಕ ಸಾವಿರಗಳಿಗೆ ಏರುತ್ತದೆ. ನೂರು ಬಿಲ್ಲೆಗಳಲ್ಲಿ ಮುಗಿಯುವ ಸ್ಕ್ರ್ಯಾಬಲ್ ಆಟ ಕನ್ನಡಕ್ಕೆ ಸಲೀಸಾಗಿ ಒಗ್ಗದಿರುವುದು ಈ ಕಾರಣದಿಂದ. ಪತ್ರಿಕೆಗಳ ಪದಬಂಧದಲ್ಲಿ ಒಂದು ಮನೆಗೆ ಒಂದು ವರ್ಣವನ್ನಲ್ಲ, ಒತ್ತು ಗುಣಿತಗಳ ಸಮೇತ ಇಡೀ ಅಕ್ಷರವನ್ನು ತುಂಬುವುದೂ ಇದೇ ಕಾರಣದಿಂದ.

'ನದಿ' ಎಂಬ ಪುಟ್ಟ ಪದವನ್ನು ನೋಡಬೇಕು. ಅಕ್ಷರಗಳನ್ನು ತಿರುಗಿಸಿದರೆ 'ದಿನ'. ಎರಡೂ ಒಳ್ಳೆಯ ಪದಗಳು. ಅಕ್ಷರವನ್ನು ಇನ್ನೂ ಒಡೆದು ನಕಾರ, ದಕಾರ ಮತ್ತು ಗುಡಿಸು ಎಂದು ಮೂರಾಗಿ ಮಾಡಿದರೆ ಗುಡಿಸು ನಕಾರಕ್ಕೆ ಹಾರಿ 'ದನಿ' ಹುಟ್ಟುತ್ತದೆ. ಮೂರು ಚಿಹ್ನೆಗಳನ್ನು ಆರು ಕ್ರಮಗಳಲ್ಲಿ ಇಡಬಹುದು. ಎರಡರಲ್ಲಿ ಗುಡಿಸು ಮೊದಲಿಗೆ ಬಂದು ನಿಲ್ಲಲು ಆಧಾರವಿಲ್ಲದೆ ಬೀಳುತ್ತದೆ. ಉಳಿದ ನಾಲ್ಕರಲ್ಲಿ ಮೂರು ಪದಗಳು! ಆರು ಅಕ್ಷರಗಳ 720 ಕ್ರಮಗಳಲ್ಲಿ ಐದಾರು ಪದಗಳನ್ನು ಹುಡುಕಿಸುವ ಆಟಕ್ಕೆ ಇದನ್ನು ಹೋಲಿಸಿದರೆ ಕನ್ನಡದ ಹದ ತಿಳಿಯುತ್ತದೆ. ತಲೆ, ಲತೆ ಎಂಬ ಜೋಡಿಯೂ ಹೀಗೆಯೇ. ಅಕ್ಷರಗಳಾಗಿ ಅವು ಬೇರೆಬೇರೆ, ವರ್ಣಗಳಾಗಿ ಬಿಡಿಸಿದರೆ ಒಂದೇ ನಾಲ್ಕು ಧ್ವನಿಗಳ ಅದಲುಬದಲು.

ಹಿಂದಿನವರು ಈ ಎರಡು ನೆಲೆಗಳನ್ನು ಚೆನ್ನಾಗಿ ಅರಿತಿದ್ದರು. ಕವಿರಾಜಮಾರ್ಗದ ಕಾಲದಿಂದಲೇ ಲಾಕ್ಷಣಿಕರು ಚಿತ್ರಕಾವ್ಯದ ಬಂಧಗಳನ್ನು ಚರ್ಚಿಸಿದ್ದಾರೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಗತಪ್ರತ್ಯಾಗತದಲ್ಲಿ ಅಳತೆಯ ಕೋಲು ಅಕ್ಷರವೇ. 'ವಿಕಟಕವಿ' ಎಂಬುದು ತಿರುಗಿಸಿದರೂ ವಿಕಟಕವಿಯಾಗಿ ಉಳಿಯುವುದು ಅಕ್ಷರದ ಲೆಕ್ಕದಲ್ಲಿ. ರೋಮನ್ ಲಿಪಿಯಲ್ಲಿ ಬರೆದು ತಿರುಗಿಸಿದರೆ ಆ ಚಮತ್ಕಾರ ಒಡೆದುಹೋಗುತ್ತದೆ. ಸಿರಿಭೂವಲಯದಲ್ಲಿ ಅಕ್ಷರಗಳ ಜಾಗಕ್ಕೆ 1ರಿಂದ 64ರವರೆಗಿನ ಅಂಕಿಗಳು ಬಂದು, ಅಡ್ಡಕ್ಕೆ 27, ಉದ್ದಕ್ಕೆ 27 ಮನೆಗಳ ಚಕ್ರಗಳಲ್ಲಿ ಕುಳಿತಿವೆ. ಅದರ ಕಾಲ ಕರ್ತೃತ್ವಗಳ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದು ಇಲ್ಲಿ ಮುಖ್ಯವೂ ಅಲ್ಲ. ಬಂಧದ ದಾರಿಯನ್ನೂ ಭಾಷೆಯನ್ನೂ ಬಲ್ಲವನಿಗಷ್ಟೇ ಆ ಅಂಕಿಗಳು ಕಾವ್ಯವಾಗುತ್ತವೆ ಎಂಬುದು ಮುಖ್ಯ. ಇನ್ನು ಬೇಡನೊಬ್ಬ 'ಮರಾ ಮರಾ' ಎಂದು ಜಪಿಸುತ್ತ ತನಗರಿವಿಲ್ಲದೆಯೇ ರಾಮನಾಮಕ್ಕೆ ತಲುಪಿ ವಾಲ್ಮೀಕಿಯಾದ ಕಥೆಯನ್ನು ಕೇಳದ ಮನೆಯಿಲ್ಲ. ಆ ಕಥೆಯ ಜಾಣ್ಮೆ ಗಮನಾರ್ಹವಾದುದು. ಹೇಳಬಾರದ ಬಾಯಿಗೆ ಒಗ್ಗುವಂತೆ, ಕಾಡಿನವನಿಗೆ ನಿತ್ಯವೂ ಕಣ್ಣಿಗೆ ಬೀಳುವ ಮರದ ಹೆಸರನ್ನು ಹೋಲುವ ಶಬ್ದವನ್ನೇ ಕೊಡಲಾಯಿತು. ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ.

ಇಂದಿನ ಯಂತ್ರಗಳಿಗೆ ಈ ವಿವೇಕ ಇನ್ನೂ ಪೂರ್ತಿ ಬಂದಿಲ್ಲ. ಇಂಗ್ಲಿಷಿಗಾಗಿ ಮಾಡಿದ ಕಲಸುವ ತಂತ್ರಾಂಶಕ್ಕೆ ಕನ್ನಡ ಪದವನ್ನು ಕೊಟ್ಟರೆ ಅದು ಅಕ್ಷರವನ್ನು ಕಾಣುವುದಿಲ್ಲ. ಗಣಕದೊಳಗಿನ ಸಂಕೇತಗಳನ್ನು ಕಾಣುತ್ತದೆ. ಯೂನಿಕೋಡಿನಲ್ಲಿ 'ಮಗ್ಗ' ಎಂಬ ಎರಡಕ್ಷರದ ಪದ ನಾಲ್ಕು ಸಂಕೇತಗಳಾಗಿ ಕುಳಿತಿರುತ್ತದೆ: ಮ, ಗ, ವಿರಾಮ ಚಿಹ್ನೆ, ಮತ್ತೆ ಗ. ಕಲಸಿದಾಗ 'ಗಮಗ್' ಎಂಬ ವಿಕಾರ ಹೊರಬರಬಹುದು, ಇಲ್ಲವೇ ಆಸರೆಯಿಲ್ಲದ ಚಿಹ್ನೆಯೊಂದು ಚುಕ್ಕಿಗಳ ವೃತ್ತಕ್ಕೆ ಜೋತುಬಿದ್ದು ಕಾಣಿಸಿಕೊಳ್ಳಬಹುದು. ಪದವನ್ನು ಅಕ್ಷರಗಳಾಗಿ ಕತ್ತರಿಸಬೇಕಾದ ಜಾಗವನ್ನು ಯಂತ್ರಕ್ಕೆ ಹೇಳಿಕೊಡುವುದು ಅಸಾಧ್ಯವೇನಲ್ಲ. ಆದರೆ ಹೇಳಿಕೊಡಬೇಕಾದವರು ಅಕ್ಷರವೆಂದರೇನೆಂದು ಓದಿಕೊಂಡವರು, ಅಂದರೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು. ಶಬ್ದಮಣಿದರ್ಪಣವನ್ನು ಪರೀಕ್ಷೆಗಾಗಿ ಓದಿ ಮರೆಯುವವರಿಗೆ ಇಂಥದೊಂದು ಕೆಲಸ ತಮಗಾಗಿ ಕಾದಿದೆಯೆಂದು ಯಾರೂ ತಿಳಿಸುವುದಿಲ್ಲ.

ಯಂತ್ರವೇ ಬೇಕೆಂದೇನೂ ಇಲ್ಲ. ರಟ್ಟಿನ ಬಿಲ್ಲೆಗಳು ಸಾಕು. ಒಂದು ಆಕ್ಷೇಪವನ್ನು ಇಲ್ಲಿಯೇ ಎತ್ತಿಕೊಳ್ಳಬಹುದು: ಎರಡು ಮೂರು ಅಕ್ಷರಗಳ ಪದಗಳನ್ನು ಕಲಸಿದರೆ ಆಟ ತೀರ ಸುಲಭವಾಗುವುದಿಲ್ಲವೆ? ಎರಡಕ್ಕೆ ಎರಡೇ ಕ್ರಮ, ಮೂರಕ್ಕೆ ಆರು. ನಿಜ, ಬೆಂಗಳೂರಿನ ಓದುಬಲ್ಲ ಮಗುವಿಗೆ ಅದು ಸಪ್ಪೆ. ಲಿಪಿಯನ್ನೇ ಕಾಣದ ಮಗುವಿಗೆ ಸುಲಭವಾಗಿರುವುದು ಗುಣವೇ ಹೊರತು ದೋಷವಲ್ಲ. ಅಲ್ಲಿ ಎದುರಿಸಬೇಕಾದ ಕಷ್ಟ ಕ್ರಮದ್ದಲ್ಲ, ಆಕಾರದ್ದು. ಇನ್ನೊಂದು ಆಕ್ಷೇಪ ಗಟ್ಟಿಯಾದುದು. ಬದುಕಿಗೆ ಬೇಕಾದ ಇಂಗ್ಲಿಷನ್ನು ಬಿಟ್ಟು ಮಕ್ಕಳ ಸಮಯವನ್ನು ಅಂಕ ತರದ ಲಿಪಿಯೊಂದಕ್ಕೆ ಕೊಡಿರೆಂದು ಆ ಮನೆಗಳಿಗೆ ಹೇಳುವ ಅಧಿಕಾರ ಗಡಿಯ ಈಚೆಗಿನವರಿಗೆ ಇದೆಯೆ? ಇಲ್ಲ. ಕೈಗಾರಿಕೆಯ ಊರಿನಲ್ಲಿ ಮಗುವಿನ ಅನ್ನದ ದಾರಿ ಯಾವುದೆಂದು ತಂದೆತಾಯಿಗಳು ಬಲ್ಲರು. ಕೊಡಬಹುದಾದದ್ದು ಒಂದು ಆಟ ಮಾತ್ರ. ಬೇಸಗೆಯ ರಜೆಯಲ್ಲಿ, ಹಬ್ಬಕ್ಕೆ ನೆಂಟರು ಸೇರಿದಾಗ, ಅಜ್ಜಿಯೂ ಮೊಮ್ಮಗುವೂ ಕೂಡಿ ಆಡಬಹುದಾದಂಥದು. ಅಜ್ಜಿಗೆ ಪದ ಗೊತ್ತು, ಮೊಮ್ಮಗು ಬಿಲ್ಲೆಗಳನ್ನು ಜೋಡಿಸೀತು. ಇಬ್ಬರೂ ಆ ಲಿಪಿಯನ್ನು ಮೊದಲ ಬಾರಿಗೆ ಓದುತ್ತಿರಬಹುದು.

ಅಂಥ ಬಿಲ್ಲೆಗಳ ಮೇಲೆ ಬರೆಯಬೇಕಾದ ಪದಗಳು ಪಠ್ಯಪುಸ್ತಕದಿಂದ ಬರಬಾರದು. ಕನ್ನಡ ವಿಭಾಗಗಳು ಕ್ಷೇತ್ರಕಾರ್ಯವೆಂದು ವರ್ಷಕ್ಕೊಮ್ಮೆ ಪ್ರವಾಸ ಹೊರಡುವುದುಂಟು. ಹಂಪೆ, ಬೇಲೂರುಗಳನ್ನು ನೋಡಿ ಬರುವುದೂ ಬೇಕಾದದ್ದೇ. ಒಂದು ವರ್ಷ ಕೊಯಮತ್ತೂರಿನ ಕಡೆಗೆ ಹೊರಟು, ಮಗ್ಗದ ಮನೆಗಳಲ್ಲಿ ಕುಳಿತು, ನೂಲು, ಲಾಳಿ, ಹಾಸು, ಹೊಕ್ಕುಗಳಿಗೆ ಅಲ್ಲಿ ಏನೆನ್ನುತ್ತಾರೆ, ಅಡುಗೆಗೆ, ನಂಟಸ್ತಿಕೆಗೆ, ಬೈಗುಳಕ್ಕೆ ಯಾವ ಪದಗಳಿವೆ ಎಂದು ಕೇಳಿ ಬರೆದುಕೊಂಡು ಬಂದರೆ ಬಿಲ್ಲೆಗಳಿಗೆ ಬೇಕಾದ ಸಾಮಗ್ರಿ ದೊರೆಯುತ್ತದೆ. ಮೊದಲ ಕಂತಿನಲ್ಲಿ ಒತ್ತಕ್ಷರವಿಲ್ಲದ ಪದಗಳನ್ನು ಆರಿಸಿಕೊಳ್ಳಬೇಕೆನಿಸುವುದು ಸಹಜ. ಅದು ಬಹಳ ದಿನ ನಡೆಯದು. ಅಕ್ಕ, ಅಪ್ಪ, ಅಮ್ಮ, ಅಜ್ಜಿ, ಮಗ್ಗ, ಬೆಲ್ಲ, ಉಪ್ಪು: ಮನೆಯೊಳಗಿನ ಪದಗಳಲ್ಲೆಲ್ಲ ಒತ್ತು ತುಂಬಿಕೊಂಡಿದೆ. 'ಗ್ಗ' ಎಂಬುದನ್ನು ಒಂದೇ ಬಿಲ್ಲೆಯಾಗಿ ಮಾಡುವುದೇ ಸರಿ. ಒತ್ತನ್ನು ಬೇರೆ ಮಾಡಿ ಕೊಟ್ಟರೆ ಯಂತ್ರ ಮಾಡಿದ ತಪ್ಪನ್ನು ಕೈಯಿಂದ ಮಾಡಿದಂತಾಗುತ್ತದೆ.

ಕಠಿಣವಾದ ಪ್ರಶ್ನೆ ಬೇರೊಂದಿದೆ. ಆ ಮನೆಗಳ ಕನ್ನಡ ತಮಿಳಿನ ನೆರೆಯಲ್ಲಿ ತಲೆಮಾರುಗಳ ಕಾಲ ಬಾಳಿದ್ದು. ಅಲ್ಲಿ ಕೇಳುವ ಎಷ್ಟೋ ರೂಪಗಳು ಪಠ್ಯದ ಕನ್ನಡಕ್ಕೆ ಹೊಂದುವುದಿಲ್ಲ. ಕೆಲವು 1894ರ ಕಿಟೆಲರ ನಿಘಂಟಿನಲ್ಲಿ ಸಿಕ್ಕಾವು, ಕೆಲವು ಯಾವ ನಿಘಂಟಿನಲ್ಲಿಯೂ ಸಿಗಲಾರವು. ವಿದ್ಯಾರ್ಥಿಯ ಕೈ ತಾನಾಗಿಯೇ ಅವನ್ನು ತಿದ್ದಲು ಹೋಗುತ್ತದೆ. ತಿದ್ದಿದ ಕೂಡಲೇ ಅದು ಆ ಮಗುವಿಗೆ ಗೊತ್ತಿಲ್ಲದ ಪದವಾಗಿ, ಟಿನ್ಸೆಲ್ ಎಂಬುದರ ಪಕ್ಕಕ್ಕೆ ಹೋಗಿ ಕೂರುತ್ತದೆ. ಬಿಲ್ಲೆಯ ಮೇಲೆ ಬರೆಯಬೇಕಾದದ್ದು ಅಜ್ಜಿಯ ಬಾಯಿಂದ ಬಂದ ರೂಪವನ್ನೇ, ಹ್ರಸ್ವ ದೀರ್ಘಗಳನ್ನು ಅವಳಿಂದಲೇ ಎರಡು ಬಾರಿ ಕೇಳಿಸಿಕೊಂಡು.